ಹನ್ನೊಂದನೇ ಕಾಲಂನಲ್ಲಿ ನಾನು ಬರೆದ ಬಣ್ಣ

ಮಾನ್ಯ ಜೀನ್ ಪರೀಕ್ಷಾಲಯದ ಮುಖ್ಯಸ್ಥರೇ,

ಹೀಗೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಇರಲಿ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲು, ಮಾತು ಅರ್ಧ ಇಂಗ್ಲಿಷು, ಈಗಿನ್ನೂ ಬಯಾಲಜಿ ಫಸ್ಟ್ ಇಯರ್. ದೂರು ಬರೆದು ಅಭ್ಯಾಸವಿಲ್ಲ. ಆದರೆ ನಿಮ್ಮ ಫಾರಂನ ಹನ್ನೊಂದನೇ ಕಾಲಂ ನನ್ನ ಅಕ್ಕನ ಮಗಳ ಜೀವಕ್ಕೆ ಅಡ್ಡ ಕೂತಿದೆ.

ಅವಳಿಗೆ ಹದಿನಾಲ್ಕು ತಿಂಗಳು. ಕಣ್ಣು ಗುಂಡಗೆ, ಕಪ್ಪಗೆ ಇದೆ ಎಂದು ಮುದ್ದಿಗೆ ಬಟನ್ ಎಂದು ಕರೆದೆವು. ಆ ಕಪ್ಪು ಪರದೆಯಿಲ್ಲದ ಕಿಟಕಿ ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ಐರಿಸ್, ಅಂದರೆ ಕಣ್ಣೊಳಗಿನ ಬಣ್ಣದ ಬಳೆ, ಅವಳಿಗೆ ಮೂಡಲೇ ಇಲ್ಲ. ಭ್ರೂಣದಲ್ಲಿ ಕಣ್ಣು ಕಟ್ಟುವ ಮೇಸ್ತ್ರಿ ಪ್ಯಾಕ್ಸ್-ಸಿಕ್ಸ್ ಎಂಬ ಜೀನು. ಉಳಿದ ಜೀನುಗಳಿಗೆ ಕೆಲಸ ಶುರು ಮಾಡಿ ಎಂದು ಹೇಳುವುದು ಅದೇ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಬಳೆ ಮೂಡುವುದಿಲ್ಲ. ಪಕ್ಕದಲ್ಲೇ ಮೂತ್ರಪಿಂಡ ಕಟ್ಟುವ ಇನ್ನೊಂದು ಜೀನಿದೆ. ಎರಡೂ ಒಟ್ಟಿಗೆ ಅಳಿಸಿಹೋಗಿದ್ದರೆ ಮಗುವಿನ ಮೂತ್ರಪಿಂಡದಲ್ಲಿ ಗಡ್ಡೆ ಬೆಳೆಯುವ ಅಪಾಯ ಬಹಳ. ಅಳಿಸಿದೆಯೋ ಇಲ್ಲವೋ ಹೇಳಬೇಕಾದವರು ನೀವು. ನಿಮ್ಮ ವರದಿ ಇಲ್ಲದೆ ಸ್ಕ್ಯಾನಿಂಗಿನವರು ದಿನ ಕೊಡುವುದಿಲ್ಲ.

ಹನ್ನೊಂದನೇ ಕಾಲಂ: ಐರಿಸ್ ಬಣ್ಣ. ಖಾಲಿ ಬಿಟ್ಟೆ, ಕೌಂಟರಿನವರು ಫಾರಂ ವಾಪಸ್ ತಳ್ಳಿದರು. "ಇಲ್ಲ" ಎಂದು ಬರೆದೆ.

"ಇಲ್ಲ ಅನ್ನೋದು ಯಾವ ಬಣ್ಣಮ್ಮಾ? ಕಂಪ್ಯೂಟರ್ ತಗೊಳ್ಳಲ್ಲ. ನೋಡೋಕೆ ಹೇಗಿದೆ ಮಗು ಕಣ್ಣು?"

"ಕಪ್ಪಗಿದೆ ಸರ್, ಬಟ್..."

"ಬಟ್ಟೂ ಇಲ್ಲ ಗಿಟ್ಟೂ ಇಲ್ಲ. ಕಪ್ಪು ಅಂತ ಬರಿ. ಹಿಂದೆ ಎಷ್ಟು ಜನ ನಿಂತಿದಾರೆ ನೋಡು."

ಬರೆದೆ.

ಒಂಬತ್ತು ವಾರ ಕಾದ ಮೇಲೆ ನಿಮ್ಮ ಉತ್ತರ ಬಂತು: 'ಐರಿಸ್ ಇದೆ, ಬಣ್ಣ ಕಪ್ಪು, ಪರೀಕ್ಷೆ ಅನಗತ್ಯ.' ಎಂಥ ಚಮತ್ಕಾರ ಸ್ವಾಮಿ! ಯಾವ ಡಾಕ್ಟರ ಕೈಲೂ ಆಗದ್ದನ್ನು ನಿಮ್ಮ ಕಂಪ್ಯೂಟರ್ ಮಾಡಿಬಿಟ್ಟಿತು. ಫಾರಂಗೆ ಪಿನ್ ಹಾಕಿದ್ದ ಕಣ್ಣಿನ ಡಾಕ್ಟರ ಚೀಟಿಯನ್ನು ಒಬ್ಬರಾದರೂ ಓದಿದಿರಾ? ತಿದ್ದಲು ಹೋದರೆ ಕೈಬರಹ ನನ್ನದು, ಹಾಗಾಗಿ ತಪ್ಪೂ ನನ್ನದೇ ಎಂದರು. ಒಪ್ಪಿದೆ. ನನ್ನ ತಪ್ಪಿಗೆ ಬಟನ್‌ಗೆ ಯಾಕೆ ಶಿಕ್ಷೆ?

ಅಕ್ಕ ಬೈಯಲಿಲ್ಲ. "ಓದಿದವಳು ಅಂತ ಪೆನ್ನು ನಿನ್ನ ಕೈಗೆ ಕೊಟ್ಟೆ ಕಣೇ" ಎಂದಳು, ಅಷ್ಟೇ. ಈಗ ದಿನಾ ಸ್ನಾನ ಮಾಡಿಸುವಾಗ ಮಗುವಿನ ಹೊಟ್ಟೆಯನ್ನು ಸವರಿ ಸವರಿ ನೋಡುತ್ತಾಳೆ. ಕಚಗುಳಿ ಇಡುತ್ತಿದ್ದಾಳೆ ಎಂದುಕೊಂಡು ಅದು ಕಿಲಕಿಲ ನಗುತ್ತದೆ.

ನಾನು ಬರೆದದ್ದನ್ನು ಹೊಡೆದು ಹಾಕಿ. ಫಾರಂ ಜೊತೆ ಕೊಟ್ಟ ಅವಳ ರಕ್ತ ಇನ್ನೂ ನಿಮ್ಮ ಫ್ರಿಜ್ಜಿನಲ್ಲೇ ಇದೆಯಂತೆ, ಪರೀಕ್ಷೆ ಮಾಡಿ. ಮಾಡುತ್ತೀರೋ ಇಲ್ಲವೋ, ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ಕಪ್ಪು ಎಂದು ಬರೆದ ಚಿಕ್ಕಮ್ಮ