ಕುಣಿಯೋದಲ್ಲ, ಬಗ್ಗೋದು

ಮುನಿಗಂಗಾ,

ನಿನ್ನ ಒಂದು ಕಣ್ಣಿಗೆ ಆಪರೇಷನ್ ಕಟ್ಟು, ಇನ್ನೊಂದಕ್ಕೆ ಪೊರೆ ಅಂತ ಇಷ್ಟು ದಪ್ಪಕ್ಷರದಲ್ಲಿ ಬರೆದಿದೀನಿ. ನಾನು ಫ್ಯಾಕ್ಟರಿಗೆ ಹೊಂಟೆ.

ಕೃಷ್ಣಗಿರಿ ಡಾಕ್ಟರು ತಮಿಳಲ್ಲಿ "ಕುನಿಯಾದೀಂಗಮ್ಮಾ" ಅಂದಾಗ, "ಈ ವಯಸ್ನಾಗೆ ನಾನ್ಯಾಕ್ ಕುಣೀಲಿ ಸ್ವಾಮಿ?" ಅಂತ ನೀನು ನಗಾಡಿಬುಟ್ಟೆ. ನಾನೂ ನಕ್ಕೆ. ಫ್ಯಾಕ್ಟರೀಲಿ ತಮಿಳ್ರನ್ನ ಕೇಳಿದ್ರೆ, ಅದು ಬಗ್ಗಬೇಡಿ ಅಂತ ಕಣೆ! ನಿನ್ನೆ ನೀನು ಬಗ್ಗಿ ರಂಗೋಲಿ ಬಿಡ್ತಿದ್ದೆ. ಇವತ್ತು ಪೊರಕೆ ಮುಟ್ಟಿದ್ರೆ ನೋಡು. ಹಸುನ ಪಕ್ಕದ್ಮನೆ ಮಂಗಮ್ಮ ಕರೀತಾಳೆ. ಮುದ್ದೆ ಮುಚ್ಚಿಟ್ಟಿದೀನಿ, ಉಣ್ಣು.

ಆಪರೇಷನ್ ಬ್ಯಾಡ ಅಂತ ನೀನು ಎರಡು ವರ್ಷ ಹಟ ಹಿಡಿದೆ. ಸೈಕಲ್ ಬೆಲ್ ಕೇಳಿ ನನ್ನ ಗುರುತು ಹಿಡೀತಿದ್ದೆ. ಕನ್ನಡಕ ಬಂದ ದಿನ ನಾನು ಬೆಲ್ ಹೊಡೆಯಲ್ಲ. ಸುಮ್ನೆ ಬಂದು ಬಾಗಿಲಲ್ಲಿ ನಿಂತ್ಕತೀನಿ. ಮೀಸೆ ಬೆಳ್ಳಗಾಗೈತೆ. ಆದ್ರೂ, ಯಾರು ಅಂತ ನೀನೇ ಹೇಳಬೇಕು.