ಅಳತೆ ತಪ್ಪಿದ ಟ್ರಂಪೆಟ್

ಮಂಗಳವಾರ, ಬೆಳಿಗ್ಗೆ

ನನ್ನ ಮುನಿಸಿನ ರಾಯರಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕುಶಲ ವಿಚಾರಿಸುವುದು ಆಮೇಲಾಗಲಿ. ಶುಕ್ರವಾರದ ಆಯ್ಕೆ ಪರೀಕ್ಷೆಯಲ್ಲಿ ನಾನು ಮಾಡಿಕೊಟ್ಟ ಹೊಸ ಟ್ರಂಪೆಟ್ ಊದಬೇಡಿ. ಅಳತೆಗೆಂದು ನೀವು ಕಳಿಸಿದ್ದ ಹಳೆಯದು ಈ ಪತ್ರದ ಜೊತೆಗಿರುವ ಪೆಟ್ಟಿಗೆಯಲ್ಲೇ ಇದೆ, ಅದನ್ನೇ ಊದಿ.

ದೂರವಾದ ಹೆಂಡತಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ನಿಮ್ಮ ತಂಗಿ ಹೇಳಿಯಾಳು. ಹೇಳಲಿ. ವಾದ್ಯವೃಂದದ ಮೊದಲ ಕುರ್ಚಿಗೆ, ಮುಖ್ಯ ವಾದಕರ ಆ ಜಾಗಕ್ಕೆ, ಈ ವಯಸ್ಸಿನಲ್ಲಿ ನಿಮಗೆ ಉಳಿದಿರುವುದು ಇದೊಂದೇ ಅವಕಾಶ. ಜಗಳವೇನೇ ಇದ್ದರೂ ಟ್ರಂಪೆಟ್ ಮಾತ್ರ ನನ್ನ ಕೈಯದೇ ಆಗಬೇಕು ಎಂದು ಹೇಳಿಕಳಿಸಿದ್ದಿರಿ. ಅದಕ್ಕೇ ಮಾನ ಬಿಟ್ಟು ಬರೆಯುತ್ತಿದ್ದೇನೆ.

ನೀವು ಕೇಳಿದ್ದು ದುಂಡನೆಯ, ಬೆಚ್ಚನೆಯ ನಾದ. ಅದಕ್ಕೆ ಅಗಲ ಬಾಯಿಯ ತಗಡು ತುಸು ದಪ್ಪವಿರಬೇಕು. ತೆಳುವಾದಷ್ಟೂ ನಾದ ಚುರುಕು. ಮಿತಿಮೀರಿದರೆ, ಜೋರಾಗಿ ಊದಿದಾಗ ಸೀಳುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ಆದರೆ ನಿಮ್ಮ ಹೊಸದನ್ನು ಮಾಡುವಾಗ ಊದಿ ನೋಡಿದಾಗಲೆಲ್ಲ ಮಂಕಾಗಿ ಕೇಳಿಸಿತು, ಕಂಬಳಿ ಹೊದ್ದು ಮಾತಾಡಿದ ಹಾಗೆ. ಬಡಿದು ತೆಳು ಮಾಡಿದೆ. ಮತ್ತೆ ಮಂಕು. ಮತ್ತೆ ಬಡಿದೆ. ಅಳತೆಯ ಸಾಧನ ಪಕ್ಕದಲ್ಲೇ ಇತ್ತು. ಇಂಥ ಕಿವಿ ಇರುವವಳಿಗೆ ಅದೇಕೆ ಎಂಬ ಜಂಬ ನನಗೆ.

ಮೊನ್ನೆ ಶಾಲೆಯ ಬ್ಯಾಂಡ್ ಮೇಷ್ಟ್ರು ನಾನು ಮಾಡಿಕೊಟ್ಟಿದ್ದ ಟ್ರಂಪೆಟ್ ವಾಪಸ್ ತಂದರು. ಅಕ್ಕಾ, ಇದು ಹಾಡ್ತಾ ಇಲ್ಲ, ಕಿರುಚ್ತಾ ಇದೆ ಅಂದರು. ನಾನು ಅವರ ಮೇಲೇ ರೇಗಿದೆ. ಅವರು ಹೋದ ಮೇಲೆ ಅಳೆದು ನೋಡಿದರೆ, ತಗಡು ಇರಬೇಕಾದ ದಪ್ಪಕ್ಕಿಂತ ಕಾಲು ಭಾಗ ಕಡಿಮೆ. ನಿಮ್ಮದನ್ನು ಅದಕ್ಕಿಂತ ಹೆಚ್ಚು ಬಡಿದಿದ್ದೆ.

ನಿನ್ನೆ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದ ಕೂಡಲೇ ಗುಂಡಿ ಒತ್ತಿ ಎಂದರು. ಇನ್ನೂ ಶುರುವೇ ಮಾಡಲಿಲ್ಲವಲ್ಲ ಎಂದು ಕಾಯುತ್ತಾ ಕೂತಿದ್ದೆ. ಅಷ್ಟರಲ್ಲಿ ಅರ್ಧ ಪರೀಕ್ಷೆ ಮುಗಿದಿತ್ತು. ಮೇಲಿನ ಸ್ವರಗಳೆಲ್ಲ ನಾಲ್ಕೈದು ವರ್ಷದಿಂದಲೇ ಹೋಗಿವೆಯಂತೆ, ಮಾತೂ ಅರ್ಧಂಬರ್ಧವಂತೆ. ನನ್ನ ಹತ್ತಿರ ಮಾತಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ನೀವು ಸಿಡುಕುತ್ತಿದ್ದಿರಿ. ಕೋಣ ಈಗ ಒಪ್ಪಿಕೊಳ್ಳುತ್ತಿದೆ.

ಹೊಸದು ಹಗುರವಾಗಿ ನುಡಿಯುತ್ತದೆ ಎಂದು ನೀವು ಚೀಟಿಯಲ್ಲಿ ಹೊಗಳಿದ್ದಿರಿ. ಚಿಕ್ಕ ಕೋಣೆಯಲ್ಲಿ ಹಾಗೇ ಅನ್ನಿಸುತ್ತದೆ. ನಂಬಿಕೆಯಾಗದಿದ್ದರೆ ನಿಮ್ಮ ತಂಗಿಯನ್ನು ದೊಡ್ಡ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂರಿಸಿ ಜೋರಾಗಿ ಊದಿ. ನನ್ನನ್ನು ಕಂಡರಾಗದಿದ್ದರೂ ಆಕೆಯ ಕಿವಿ ನೆಟ್ಟಗಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿಮ್ಮ ಸಾಧನೆಗೆ ನನ್ನ ಸುತ್ತಿಗೆಯೇ ದೊಣ್ಣೆಯಾಗುತ್ತದೇನೋ ಎಂದು ಭಯವಾಗುತ್ತಿದೆ. ಪೆಟ್ಟಿಗೆ ನಾಳೆ ಸಂಜೆಯೊಳಗೆ ತಲುಪಬೇಕು. ತಲುಪಿತೆಂದು ಒಂದು ಸಾಲು ತಿಳಿಸಿ.

ಇಂತಿ,
ನೀವೇ ಹೆಸರಿಟ್ಟ
ಮೇಸ್ತ್ರಿ

ಮತ್ತೊಂದು ಮಾತು: ನೀವು ಮನೆ ಬಿಟ್ಟು ಹೋದ ದಿನ ನನ್ನ ಬೆನ್ನ ಹಿಂದೆ ನಿಂತು ಮೂರು ಸಲ ಏನೋ ಕೇಳಿದಿರಂತೆ, ಆಮೇಲೆ ಪಕ್ಕದ ಮನೆಯಾಕೆ ಹೇಳಿದರು. ನಾನು ತಲೆ ಬಗ್ಗಿಸಿ ತಗಡು ಉಜ್ಜುತ್ತಿದ್ದೆ. ಬೇಕೆಂದೇ ಉತ್ತರ ಕೊಡಲಿಲ್ಲ ಎಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡೆ. ಸುಳ್ಳು. ನೀವು ಏನು ಕೇಳಿದಿರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಶುಕ್ರವಾರ ಕಳೆದ ಮೇಲೆ, ಮನಸ್ಸಿದ್ದರೆ, ಅದನ್ನು ಬರೆದು ಕೇಳಿ.