ಬಿಚ್ಚದ ಹೊಲಿಗೆ

ಇನ್ಸ್‌ಪೆಕ್ಟರ್ ಸಾಹೇಬರಿಗೆ, ದರ್ಜಿಯಮ್ಮ ಮಾಡುವ ನಮಸ್ಕಾರಗಳು.

ತೀರಿಕೊಂಡ ನನ್ನ ಮಗಳ ಫೋನು ನಿನ್ನೆ ಕೈಸೇರಿತು. ಹನ್ನೊಂದು ತಿಂಗಳು ಪ್ರಯತ್ನಿಸಿಯೂ ಅದರ ಗೂಢಲಿಪಿಯ (ಎನ್‌ಕ್ರಿಪ್ಷನ್) ಬೀಗ ತೆರೆಯಲಾಗಲಿಲ್ಲ, ಆದ್ದರಿಂದ ತನಿಖೆ ಮುಗಿಸಿದ್ದೇವೆ ಎಂದು ಜೊತೆಗಿದ್ದ ಕಾಗದದಲ್ಲಿದೆ.

ಹನ್ನೊಂದು ತಿಂಗಳ ಹಿಂದೆ ಠಾಣೆಯಲ್ಲಿ ಫೋನನ್ನು ಸಾಕ್ಷ್ಯವೆಂದು ಪಡೆದು ಬಟ್ಟೆಚೀಲಕ್ಕೆ ಹಾಕಿ ಹೊಲಿಯುವಾಗ ನಿಮ್ಮ ಪೇದೆ ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡರು. "ನಿಮ್ಮ ಕಸುಬಲ್ವಾ ಅಕ್ಕಾ, ನೀವೇ ಹೊಲ್ದುಬಿಡಿ," ಎಂದರು. ನಾನೇ ಹೊಲಿದು, ಕೊನೆಗೆ ನನ್ನ ರೂಢಿಯಂತೆ ಜೋಡಿ ಗಂಟು ಹಾಕಿದೆ. ನಿನ್ನೆ ಬಂದ ಚೀಲದಲ್ಲಿ ಅದೇ ಹೊಲಿಗೆ, ಅದೇ ಗಂಟು ಇದೆ. ಒಂದು ಎಳೆಯೂ ಸಡಿಲವಾಗಿಲ್ಲ.

ಇಂಥ ಬೀಗಗಳ ಕೀಲಿಯನ್ನು ಕಂಪನಿಗಳು ಸರ್ಕಾರಕ್ಕೆ ಕೊಡಬೇಕೆಂಬ ಕಾನೂನಿನ ಪರವಾಗಿ ನೀವು ಕರೆದ ಮೂರು ಸಭೆಗಳಲ್ಲಿ ಮಾತಾಡಿದೆ. "ಈ ಬೀಗದಿಂದ್ಲೇ ನನ್ ಮಗಳಿಗೆ ನ್ಯಾಯ ಸಿಗ್ಲಿಲ್ಲ," ಎಂದೆ. ಜನ ನನ್ನ ಮುಖ ನೋಡಿ ಮನವಿಗೆ ಸಹಿ ಹಾಕಿದರು. ಬೀಗ ತೆರೆಯುತ್ತಿಲ್ಲ ಎಂಬ ನಿಮ್ಮ ಮಾತನ್ನು ನಾನು ನಂಬಿದ್ದೆ. ಫೋನು ಚೀಲದಿಂದ ಹೊರಗೇ ಬಂದಿಲ್ಲ ಎಂಬುದನ್ನು ಅವರಿಗೂ ತಿಳಿಸಬೇಕಾಗಿದೆ.

ಚೀಲವನ್ನು ನಾನು ಬಿಚ್ಚಿಲ್ಲ. ಬಿಚ್ಚಿದರೆ ಸಾಕ್ಷ್ಯ ಕೆಟ್ಟಿತು ಎನ್ನುವಿರಿ. ದಯವಿಟ್ಟು ನ್ಯಾಯಾಧೀಶರೆದುರು ತೆರೆಯಲು ಒಂದು ದಿನ ಗೊತ್ತುಮಾಡಿಸಿ. ಕತ್ತರಿ ನಾನು ತರುತ್ತೇನೆ.

ಇಂತಿ,
ಅವಳ ತಾಯಿ